ರೂಟ್ ಪಾರ್ಟಿಷನ್ ಕೊನೆಗೇ ಬರಬೇಕು: ಲಿನಕ್ಸ್ ಇನ್‌ಸ್ಟಾಲರ್ ಜೊತೆ ಒಂದು ಹಗ್ಗಜಗ್ಗಾಟ

ಕೇಳುವುದಕ್ಕೆ ಚಿಕ್ಕ ಕೆಲಸ. ಒಂದೇ ಮಾದರಿಯ ಕೆಲವು ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಬೇಕು. ಪ್ರತಿಯೊಂದರ ಮುಂದೆ ಕೂತು ಮೌಸ್ ಒತ್ತುವಷ್ಟು ಪುರುಸೊತ್ತಿಲ್ಲ. ಹಾಗಾಗಿ ಕಿಕ್‌ಸ್ಟಾರ್ಟ್ ಫೈಲ್ ಬರೆಯೋಣ ಅಂದುಕೊಂಡೆ. ಫೆಡೋರಾ, ರೆಡ್ ಹ್ಯಾಟ್, ಆಲ್ಮಾ, ರಾಕಿ ಈ ಕುಟುಂಬದ ಇನ್‌ಸ್ಟಾಲರ್ ಹೆಸರು ಅನಕೊಂಡ. ಅದು ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಬರೆದಿಟ್ಟ ಫೈಲೇ ಕಿಕ್‌ಸ್ಟಾರ್ಟ್.

ಎಲ್ಲದರಲ್ಲೂ ಡಬ್ಬಿಯ ಮೇಲೆ 256 ಜಿಬಿ ಅಂತ ಬರೆದಿರುವ ಎನ್‌ವಿಎಂಇ ಡಿಸ್ಕ್ (ಒಂದು ಬಗೆಯ ಎಸ್‌ಎಸ್‌ಡಿ). ಅದನ್ನು ಪಾರ್ಟಿಷನ್‌ಗಳಾಗಿ, ಅಂದರೆ ಬೇರೆಬೇರೆ ಭಾಗಗಳಾಗಿ ಕತ್ತರಿಸಬೇಕು. ನನಗೆ ಬೇಕಾದ ಕ್ರಮ ಹೀಗಿತ್ತು:

1. ಇಎಸ್‌ಪಿ (ಕಂಪ್ಯೂಟರ್ ಶುರುವಾದಾಗ ಓಡುವ ಬೂಟ್‌ಲೋಡರ್ ಇರುವ ಜಾಗ), 1 ಜಿಬಿ
2. ಬೂಟ್ (ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಇರುವ ಜಾಗ), 1 ಜಿಬಿ
3. ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಜಾಗ), 8 ಜಿಬಿ
4. ಡೇಟಾ, 40 ಜಿಬಿ
5. ರೂಟ್ (ಲಿನಕ್ಸ್ ವ್ಯವಸ್ಥೆ ಕೂರುವ ಜಾಗ), 60 ಜಿಬಿ

ರೂಟ್ ಆದ ಮೇಲೆ ಉಳಿದಿದ್ದೆಲ್ಲ ಖಾಲಿ. ಇಲ್ಲಿಂದ ಮುಂದೆ ಜಿಬಿ ಅಂದರೆ 1024ರ ಲೆಕ್ಕದ ಜಿಬಿ. ಡಬ್ಬಿಯ ಮೇಲಿನ 256, ಈ ಲೆಕ್ಕದಲ್ಲಿ 238.5 ಆಗುತ್ತದೆ.

ಕ್ರಮಕ್ಕೆ ಯಾಕಿಷ್ಟು ಹಟ ಅಂತ ಕೇಳಬಹುದು. ಪಾರ್ಟಿಷನ್ ಹಿಗ್ಗಿಸುವುದು ಸುಲಭ, ಆದರೆ ಹಿಂಬದಿಗೆ ಮಾತ್ರ. ಮನೆಯ ಪಕ್ಕದ ಸೈಟು ಖಾಲಿ ಇದ್ದರೆ ಗೋಡೆ ಒಡೆದು ಒಂದು ರೂಮು ಹಾಕಬಹುದು, ಅಲ್ಲಿ ಬೇರೆಯವರ ಮನೆ ಎದ್ದಿದ್ದರೆ ಆಗಲ್ಲ, ಅಲ್ವಾ? ಇದೂ ಹಾಗೆಯೇ. ರೂಟ್‌ನ ಬೆನ್ನಿಗೆ ಖಾಲಿ ಜಾಗ ಇದ್ದರೆ, ಕಂಪ್ಯೂಟರ್ ನಡೆಯುತ್ತಿರುವಾಗಲೇ ಎರಡು ಕಮಾಂಡ್‌ನಲ್ಲಿ ಕೆಲಸ ಮುಗಿಯುತ್ತದೆ. ಬೆನ್ನಿಗೆ ಸ್ವಾಪ್ ಕೂತಿದ್ದರೆ ಮೊದಲು ಅದನ್ನು ಎಬ್ಬಿಸಬೇಕು. ಡೇಟಾ ಕೂತಿದ್ದರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, 40 ಜಿಬಿಯನ್ನೂ ಒಂದೊಂದೇ ಬ್ಲಾಕ್ ಸರಿಸಬೇಕು. ನಡುವೆ ಕರೆಂಟ್ ಹೋದರೆ ಡೇಟಾದ ಆಸೆ ಬಿಟ್ಟಂತೆಯೇ. ಇನ್ನು ಎಕ್ಸ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಹಾಕಿದ್ದರೆ ಹಿಗ್ಗಿಸಬಹುದೇ ಹೊರತು ಕುಗ್ಗಿಸುವ ಅನುಕೂಲವಿಲ್ಲ. ಹಾಗಾಗಿ ಮೊದಲೇ ದೊಡ್ಡದಾಗಿ ಕೊಟ್ಟು ಆಮೇಲೆ ಕಡಿಮೆ ಮಾಡೋಣ ಅನ್ನುವ ದಾರಿಯೂ ಮುಚ್ಚಿದೆ.

ಹಳೆಯ ಕಾಲದಲ್ಲಿ ಕ್ರಮಕ್ಕೆ ಬೇರೆ ಕಾರಣಗಳಿದ್ದವು. ಆಗಿನ ಬಯೋಸ್‌ಗೆ (ಕಂಪ್ಯೂಟರನ್ನು ಶುರು ಮಾಡುವ ಒಳಗಿನ ಸಾಫ್ಟ್‌ವೇರ್) 1024 ಸಿಲಿಂಡರ್ (ಡಿಸ್ಕ್ ಜಾಗದ ಹಳೆಯ ಅಳತೆ) ಆಚೆ ಕಣ್ಣು ಕಾಣುತ್ತಿರಲಿಲ್ಲ. ಹೆಚ್ಚೆಂದರೆ 8.4 ಜಿಬಿ ತನಕ, ಅದೂ 1000ದ ಲೆಕ್ಕದಲ್ಲಿ. ಬೂಟ್ ಪಾರ್ಟಿಷನ್ ಅದರೊಳಗೆ ಇಲ್ಲದಿದ್ದರೆ ಕರ್ನಲ್ ಲೋಡ್ ಆಗುತ್ತಿರಲಿಲ್ಲ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಮೊದಲ ಸೆಕ್ಟರ್‌ಗಳು (ಡಿಸ್ಕ್ ಜಾಗದ ಚಿಕ್ಕ ತುಂಡುಗಳು) ತಟ್ಟೆಯ ಹೊರ ಅಂಚಿನಲ್ಲಿರುತ್ತವೆ. ಅಲ್ಲಿ ವೇಗ ಜಾಸ್ತಿ, ಒಳಗೆ ಹೋದಂತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಇದ್ಯಾವುದೂ ಲೆಕ್ಕಕ್ಕಿಲ್ಲ. ಈಗ ಉಳಿದಿರುವ ಒಳ್ಳೆಯ ಕಾರಣ ಹಿಗ್ಗಿಸುವುದೊಂದೇ.

ಬರೆದದ್ದು ಒಂದು, ಆಗಿದ್ದು ಇನ್ನೊಂದು

ಮೊದಲು ವರ್ಚುವಲ್ ಮಷಿನ್‌ನಲ್ಲಿ, ಅಂದರೆ ಕಂಪ್ಯೂಟರ್ ಒಳಗೇ ಓಡುವ ಅಣಕು ಕಂಪ್ಯೂಟರ್‌ನಲ್ಲಿ, ನೋಡಿದೆ. ಅದನ್ನು ಓಡಿಸುವ ಕ್ಯೂಇಎಂಯುನಲ್ಲಿ ಅಷ್ಟೇ ಗಾತ್ರದ ಡಿಸ್ಕ್ ಫೈಲ್ ಮಾಡಿಕೊಂಡರೆ ಸಾಕು. ಬರೆದಷ್ಟೇ ಜಾಗ ಹಿಡಿಯುವ ಥರದ ಫೈಲ್, ನಿಜವಾದ ಡಿಸ್ಕ್ ತುಂಬುವ ಭಯವಿಲ್ಲ. ಕಿಕ್‌ಸ್ಟಾರ್ಟ್‌ನಲ್ಲಿ ಪಾರ್ಟ್ ಅನ್ನುವ ಸಾಲುಗಳನ್ನು ನನಗೆ ಬೇಕಾದ ಕ್ರಮದಲ್ಲೇ ಬರೆದೆ. ಅಲ್ಲಿ ಗಾತ್ರ ಎಂಬಿಯಲ್ಲಿ ಕೊಡಬೇಕು: 1024, 1024, 8192, 40960, 61440.

ಇನ್‌ಸ್ಟಾಲ್ ಮುಗಿದ ಮೇಲೆ ಡಿಸ್ಕ್, ಪಾರ್ಟಿಷನ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಓಡಿಸಿದರೆ ಕಂಡದ್ದು ಇದು. ಒಂದನೆಯದು ಇಎಸ್‌ಪಿ, ಎರಡನೆಯದು ಬೂಟ್. ಅಲ್ಲಿಯವರೆಗೆ ಸರಿ. ಮೂರನೆಯದು ರೂಟ್, ನಾಲ್ಕು ಡೇಟಾ, ಐದು ಸ್ವಾಪ್. ಕೊನೆಯ ಮೂರು ತಲೆಕೆಳಗು. ರೂಟ್ ನಡುವೆ ಸಿಕ್ಕಿಹಾಕಿಕೊಂಡಿದೆ, ಅಷ್ಟು ಖಾಲಿ ಜಾಗವೆಲ್ಲ ಸ್ವಾಪ್‌ನ ಬೆನ್ನಿಗೆ ಸುಮ್ನೆ ಬಿದ್ದಿದೆ.

ಇದು ಬಗ್ ಅಲ್ಲ. ಅನಕೊಂಡದ ಒಳಗೆ ಡಿಸ್ಕ್ ಕೆಲಸ ನೋಡಿಕೊಳ್ಳುವುದು ಬ್ಲಿವೆಟ್ ಅನ್ನುವ ಪೈಥಾನ್ ಲೈಬ್ರರಿ. ನಾವು ಬರೆದ ಸಾಲುಗಳು ಅದರ ಪಾಲಿಗೆ ಬರೀ ಬೇಡಿಕೆಗಳು. ಎಲ್ಲ ಬೇಡಿಕೆಗಳನ್ನೂ ಒಟ್ಟು ಮಾಡಿ, ಎರಡೆರಡನ್ನು ಹೋಲಿಸಿ, ಯಾವುದು ಮುಂದೆ ಅಂತ ಅಂಕ ಹಾಕುತ್ತದೆ. ಬೂಟ್‌ಗೆ ಬೇಕಾದವಕ್ಕೆ ಮೊದಲ ಜಾಗ. ಇಂಥ ಡಿಸ್ಕೇ ಬೇಕು ಅಂದವು ಯಾವ ಡಿಸ್ಕಾದರೂ ಸರಿ ಅಂದವಕ್ಕಿಂತ ಮುಂದೆ. ಪ್ರೈಮರಿ ಆಗಲೇಬೇಕು ಅಂದವು ಮುಂದೆ. ಗಾತ್ರ ಗಟ್ಟಿಯಾಗಿರುವವು, ಬೆಳೆಯುವವಕ್ಕಿಂತ ಮುಂದೆ. ಗಟ್ಟಿ ಗಾತ್ರದವುಗಳಲ್ಲಿ ದೊಡ್ಡದು ಮುಂದೆ. ನನ್ನ 60 ಜಿಬಿ ರೂಟ್ ಮೂರನೆಯ ಜಾಗಕ್ಕೆ ಹಾರಿದ್ದು ಈ ಕೊನೆಯ ನಿಯಮದಿಂದ. 60, 40, 8. ಸರಿಯಾಗಿ ಇಳಿಕೆ ಕ್ರಮ.

ಅದರ ಯೋಚನೆಯಲ್ಲೂ ತಪ್ಪಿಲ್ಲ ಬಿಡಿ. ನಾಲ್ಕಾರು ಡಿಸ್ಕ್, ಅಲ್ಲಲ್ಲಿ ಹಳೆಯ ಪಾರ್ಟಿಷನ್, ನಡುನಡುವೆ ಖಾಲಿ ಜಾಗ ಇರುವ ಕಡೆ ಎಲ್ಲವನ್ನೂ ಹೊಂದಿಸಬೇಕೆಂದರೆ ದೊಡ್ಡವನ್ನು ಮೊದಲು ಕೂರಿಸುವುದೇ ಜಾಣತನ. ಚಿಕ್ಕವು ಸಂದಿಗೊಂದಿಯಲ್ಲಿ ಹಿಡಿಯುತ್ತವೆ. ನನ್ನ ಥರ ಒಂದೇ ಖಾಲಿ ಡಿಸ್ಕ್ ಇಟ್ಟುಕೊಂಡು ಇದೇ ಕ್ರಮ ಬೇಕು ಅನ್ನುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ ಅದು.

ಈ ಅಂಕದ ಲೆಕ್ಕ ಗೊತ್ತಾದರೆ ಅದನ್ನೇ ಬಳಸಿಕೊಂಡು ಆಟ ಆಡಬಹುದು. ಸ್ವಾಪ್‌ಗೂ ಡೇಟಾಗೂ --ಆಸ್‌ಪ್ರೈಮರಿ ಸೇರಿಸಿದರೆ ಅವು ಮುಂದೆ ಸರಿಯಬಹುದು. ರೂಟ್‌ಗೆ --ಗ್ರೋ ಕೊಟ್ಟು --ಮ್ಯಾಕ್ಸ್‌ಸೈಜ್ ಮಿತಿ ಹಾಕಿದರೆ ಅದು ಹಿಂದೆ ಉಳಿಯುತ್ತದೆ. ನನಗೆ ಎರಡೂ ಇಷ್ಟವಾಗಲಿಲ್ಲ. ಪ್ರೈಮರಿ ಅನ್ನುವುದು ಎಂಬಿಆರ್ ಅನ್ನುವ ಹಳೆಯ ಥರದ ಪಾರ್ಟಿಷನ್ ಟೇಬಲ್‌ನ (ಪಾರ್ಟಿಷನ್‌ಗಳ ಪಟ್ಟಿ) ಮಾತು. ಹೊಸ ಥರದ ಟೇಬಲ್ ಆದ ಜಿಪಿಟಿ ಇರುವ ಡಿಸ್ಕ್‌ನಲ್ಲಿ ಅದಕ್ಕೆ ಅರ್ಥವೇ ಇಲ್ಲ. ಇನ್ಯಾವುದಕ್ಕೋ ಇರುವ ಆಯ್ಕೆಯ ಪಕ್ಕದ ಪರಿಣಾಮ ನೆಚ್ಚಿಕೊಂಡು ಫೈಲ್ ಬರೆದರೆ, ಮುಂದಿನ ಆವೃತ್ತಿಯಲ್ಲಿ ಅಂಕದ ಲೆಕ್ಕ ಬದಲಾದ ದಿನ ಯಾರಿಗೂ ಹೇಳದೆ ಕ್ರಮವೂ ಬದಲಾಗುತ್ತದೆ. ಅದೂ ಅಲ್ಲದೆ ಇಷ್ಟು ಮಾಡಿದರೂ ಡೇಟಾ ಸ್ವಾಪ್‌ಗಿಂತ ಮುಂದೆಯೇ ಇರುತ್ತದೆ, ಯಾಕೆಂದರೆ 40 ಎಂಟಕ್ಕಿಂತ ದೊಡ್ಡದು.

ಕತ್ತರಿಸುವ ಕೆಲಸ ನಮ್ಮದು, ತುಂಬುವ ಕೆಲಸ ಅದರದ್ದು

ಇನ್‌ಸ್ಟಾಲರ್‌ಗೆ ಡಿಸ್ಕ್ ಕತ್ತರಿಸಲು ಬಿಡಲೇಬಾರದು. ನಾವೇ ಕತ್ತರಿಸಿ ಕೊಟ್ಟು, ಇದು ರೂಟ್, ಇದು ಬೂಟ್ ಅಂತ ತೋರಿಸಿದರೆ ಅದು ಸುಮ್ಮನೆ ಫಾರ್ಮ್ಯಾಟ್ ಮಾಡಿ ಫೈಲ್ ತುಂಬಿಕೊಳ್ಳುತ್ತದೆ. ಕಿಕ್‌ಸ್ಟಾರ್ಟ್‌ನಲ್ಲಿ ಇದಕ್ಕೆ ಎರಡು ಸಲಕರಣೆ ಇವೆ. ಒಂದು, %ಪ್ರಿ ಅನ್ನುವ ಭಾಗ. ಪಾರ್ಟಿಷನ್ ಕೆಲಸ ಶುರುವಾಗುವ ಮುಂಚೆಯೇ ಓಡುವ ಶೆಲ್ ಸ್ಕ್ರಿಪ್ಟ್ ಅದು. ಇನ್ನೊಂದು --ಆನ್‌ಪಾರ್ಟ್ ಅನ್ನುವ ಆಯ್ಕೆ. ಹೊಸದನ್ನು ಮಾಡಬೇಡ, ಆಗಲೇ ಇರುವ ಈ ಪಾರ್ಟಿಷನ್ ಬಳಸು ಅಂತ ಹೇಳುವುದಕ್ಕೆ.

%ಪ್ರಿ ಒಳಗೆ ಮೊದಲ ಪ್ರಶ್ನೆ: ಯಾವ ಡಿಸ್ಕ್? ಇದನ್ನು ಹಗುರವಾಗಿ ತೆಗೆದುಕೊಂಡರೆ ಬೇರೆಯದೇ ಡಿಸ್ಕ್ ಅಳಿಸಿಹೋಗುತ್ತದೆ. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಕರ್ನಲ್ ಯಾವುದನ್ನು ಮೊದಲು ಕಂಡಿತೋ ಆ ಕ್ರಮದಲ್ಲಿ ಬರುತ್ತವೆ. ಇನ್‌ಸ್ಟಾಲ್ ಮಾಡಲು ಚುಚ್ಚಿದ ಯುಎಸ್‌ಬಿ ಕಡ್ಡಿಯೇ ಎಷ್ಟೋ ಸಲ ಎಸ್‌ಡಿಎ ಆಗಿ ಕೂತಿರುತ್ತದೆ. ಒಂದೇ ಕಂಪ್ಯೂಟರ್ ಆಗಿದ್ದರೆ ಡೆವ್ ಫೋಲ್ಡರ್‌ನೊಳಗಿನ ಡಿಸ್ಕ್, ಅದರೊಳಗಿನ ಬೈ-ಐಡಿ ಫೋಲ್ಡರ್‌ನಲ್ಲಿ ಮಾದರಿ ಮತ್ತು ಸೀರಿಯಲ್ ನಂಬರ್ ಇರುವ ಹೆಸರು ಸಿಗುತ್ತದೆ. ಅದು ಬದಲಾಗುವುದಿಲ್ಲ. ಹಲವು ಕಂಪ್ಯೂಟರ್‌ಗೆ ಒಂದೇ ಫೈಲ್ ಅಂದರೆ ಸೀರಿಯಲ್ ನಂಬರ್ ಬರೆಯಲು ಆಗುವುದಿಲ್ಲ. ಅಲ್ಲಿ ಎಲ್‌ಎಸ್‌ಬಿಎಲ್‌ಕೆಯಿಂದ ಡಿಸ್ಕ್‌ಗಳ ಪಟ್ಟಿ ತೆಗೆದು, ಯುಎಸ್‌ಬಿ ಮೂಲಕ ಬಂದವನ್ನು ಬಿಟ್ಟು, ಉಳಿದದ್ದು ಒಂದೇ ಒಂದು ಆದರೆ ಮಾತ್ರ ಮುಂದುವರಿಯುವಂತೆ ಬರೆದೆ. ಎರಡು ಸಿಕ್ಕರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. %ಪ್ರಿ ಸಾಲಿನಲ್ಲೇ --ಎರರ್‌ಆನ್‌ಫೇಲ್ ಹಾಕಿದರೆ ಸ್ಕ್ರಿಪ್ಟ್ ಸೋತಾಗ ಇನ್‌ಸ್ಟಾಲೂ ನಿಲ್ಲುತ್ತದೆ. ಇದನ್ನು ಮರೆಯಬೇಡಿ. ಇಲ್ಲದಿದ್ದರೆ ಸೋತರೂ ಅದು ತನ್ನ ಪಾಡಿಗೆ ಮುಂದೆ ಹೋಗುತ್ತದೆ.

ಕತ್ತರಿಸಲು ಎಸ್‌ಎಫ್‌ಡಿಸ್ಕ್ ಬಳಸಿದೆ. ಎಸ್‌ಜಿಡಿಸ್ಕ್ ಕೂಡ ಚೆನ್ನಾಗಿದೆ, ಆದರೆ ಎಸ್‌ಎಫ್‌ಡಿಸ್ಕ್ ಯುಟಿಲ್-ಲಿನಕ್ಸ್ ಪ್ಯಾಕೇಜ್‌ನಲ್ಲೇ ಬರುವುದರಿಂದ ಎಲ್ಲ ಕಡೆ ಇರುತ್ತದೆ. ಅದಕ್ಕೆ ಕೊಡುವುದು ಬರೀ ಪಠ್ಯ. ಮೊದಲ ಸಾಲಿನಲ್ಲಿ ಲೇಬಲ್ ಜಿಪಿಟಿ ಅಂತ, ಆಮೇಲೆ ಪಾರ್ಟಿಷನ್‌ಗೆ ಒಂದು ಸಾಲಿನಂತೆ ಗಾತ್ರ, ಬಗೆ, ಹೆಸರು. ಬಗೆಗೆ ಒಂದಕ್ಷರದ ಗುರುತು ಸಾಕು: ಇಎಸ್‌ಪಿಗೆ ಯು, ಸ್ವಾಪ್‌ಗೆ ಎಸ್, ಸಾದಾ ಲಿನಕ್ಸ್‌ಗೆ ಎಲ್. ಬರೆದ ಸಾಲಿನ ಕ್ರಮವೇ ಡಿಸ್ಕ್ ಮೇಲಿನ ಕ್ರಮ. ಅದರಲ್ಲಿ ಬುದ್ಧಿವಂತಿಕೆ ಇಲ್ಲ, ಅದೇ ಅದರ ಗುಣ.

ಇಎಸ್‌ಪಿಗೆ ಯು ಅನ್ನುವ ಬಗೆ ಕೊಡುವುದು ಬಹಳ ಮುಖ್ಯ. ಅದಿಲ್ಲದೆ ಒಳಗೆ ಫ್ಯಾಟ್ ಫೈಲ್‌ಸಿಸ್ಟಮ್ ಇದ್ದರೂ ಇನ್‌ಸ್ಟಾಲರ್ ಅದನ್ನು ಇಎಸ್‌ಪಿ ಅಂತ ಒಪ್ಪುವುದಿಲ್ಲ. ಬೂಟ್‌ಲೋಡರ್ ಹಾಕಲು ಜಾಗವೇ ಇಲ್ಲ ಅಂತ ತಕರಾರು ತೆಗೆಯುತ್ತದೆ.

ಗಾತ್ರ ಕೊಡುವಾಗ ಸೆಕ್ಟರ್ ಲೆಕ್ಕ ಬರೆಯಬೇಡಿ. ಬಹುತೇಕ ಡಿಸ್ಕ್ 512 ಬೈಟ್‌ನ ಸೆಕ್ಟರ್ ತೋರಿಸುತ್ತದೆ, ಕೆಲವು 4096 ತೋರಿಸುತ್ತವೆ. 512ರ ಲೆಕ್ಕದಲ್ಲಿ ಬರೆದ ಸೆಕ್ಟರ್ ಸಂಖ್ಯೆಯನ್ನು 4096ರ ಡಿಸ್ಕ್‌ಗೆ ಕೊಟ್ಟರೆ ಎಲ್ಲವೂ ಎಂಟು ಪಟ್ಟಾಗುತ್ತದೆ. ಎಂಬಿ, ಜಿಬಿಯಲ್ಲಿ ಕೊಟ್ಟರೆ ಎಸ್‌ಎಫ್‌ಡಿಸ್ಕ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, 1 ಎಂಬಿ ಗಡಿಗೆ ಸರಿಯಾಗಿ ಕೂರಿಸುತ್ತದೆ.

ನಮ್ಮ ಡಿಸ್ಕ್‌ನಲ್ಲಿ ಒಟ್ಟು 500118192 ಸೆಕ್ಟರ್. ಕತ್ತರಿಸಿದ ಮೇಲೆ ಅದು ಹೀಗೆ ಕಂಡಿತು:

ಪಿ1, ಇಎಸ್‌ಪಿ: 2048ರಿಂದ 2099199
ಪಿ2, ಬೂಟ್: 2099200ರಿಂದ 4196351
ಪಿ3, ಸ್ವಾಪ್: 4196352ರಿಂದ 20973567
ಪಿ4, ಡೇಟಾ: 20973568ರಿಂದ 104859647
ಪಿ5, ರೂಟ್: 104859648ರಿಂದ 230688767

ಒಂದು ಮುಗಿದ ಮರುಸೆಕ್ಟರ್‌ಗೆ ಇನ್ನೊಂದು ಶುರು. ಎಲ್ಲೂ ಸಂದಿ ಇಲ್ಲ. ಬಳಸಬಹುದಾದ ಕೊನೆಯ ಸೆಕ್ಟರ್ 500118158. ಅದರಾಚೆಯ 33 ಸೆಕ್ಟರ್ ಜಿಪಿಟಿಯ ಎರಡನೇ ಪ್ರತಿಗೆ ಮೀಸಲು: 128 ನಮೂದುಗಳಿಗೆ 32, ಹೆಡರ್‌ಗೆ 1. ಹಾಗಾಗಿ ರೂಟ್‌ನ ಬೆನ್ನಿಗೆ ಖಾಲಿ ಉಳಿದದ್ದು 128 ಜಿಬಿಗೆ ಸ್ವಲ್ಪ ಜಾಸ್ತಿ. ಬೇಕಾಗಿದ್ದದ್ದು ಇದೇ.

ಹೊಸ ಡಿಸ್ಕ್ ಆಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಕೆಲವು ಡಿಸ್ಕ್‌ಗಳಲ್ಲಿ ಹಿಂದಿನ ಎಲ್‌ವಿಎಂ (ಡಿಸ್ಕ್ ಜಾಗವನ್ನು ಗುಂಪು ಮಾಡಿ ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಉಳಿದಿತ್ತು. ಅಂಥ ಕಡೆ ಡಿಸ್ಕ್ ಬಳಕೆಯಲ್ಲಿದೆ ಅಂತ ಎಸ್‌ಎಫ್‌ಡಿಸ್ಕ್ ಹಟ ಹಿಡಿಯಿತು. ಯಾರೂ ಮೌಂಟ್ ಮಾಡಿಲ್ಲವಲ್ಲ, ಅಂದರೆ ಬಳಕೆಗೆ ಜೋಡಿಸಿಲ್ಲವಲ್ಲ ಅನ್ನಿಸುತ್ತದೆ. ಆದರೆ ಇನ್‌ಸ್ಟಾಲರ್ ಬೂಟ್ ಆಗುವಾಗಲೇ ಡಿವೈಸ್‌ಗಳನ್ನು ಗುರುತಿಸುವ ಯುಡೆವ್ ಹಳೆಯ ಗುರುತು ನೋಡಿ ವಾಲ್ಯೂಮ್ ಗ್ರೂಪ್ ಎಬ್ಬಿಸಿಬಿಟ್ಟಿರುತ್ತದೆ. ಮೊದಲು ವಿಜಿಚೇಂಜ್ ಕೊಟ್ಟು ಅದನ್ನು ಮಲಗಿಸಬೇಕು. ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸುವುದು) ಇದ್ದರೆ ಎಂಡಿಎಡಿಎಂ ಸ್ಟಾಪ್. ಆಮೇಲೆ ಹಳೆಯ ಪಾರ್ಟಿಷನ್ ಒಂದೊಂದರ ಮೇಲೂ ಹಳೆಯ ಗುರುತು ಅಳಿಸುವ ವೈಪ್‌ಎಫ್‌ಎಸ್, ಕೊನೆಗೆ ಇಡೀ ಡಿಸ್ಕ್ ಮೇಲೆ ಒಮ್ಮೆ.

ಪಾರ್ಟಿಷನ್ ಒಂದೊಂದರ ಮೇಲೂ ಯಾಕೆ? ಟೇಬಲ್ ಅಳಿಸಿದರೆ ಸಾಕಲ್ಲವೇ? ಸಾಲದು. ಟೇಬಲ್ ಹೋದರೂ ಒಳಗಿನ ಗುರುತು ಅದೇ ಸೆಕ್ಟರ್‌ನಲ್ಲಿ ಉಳಿದಿರುತ್ತದೆ. ಹೊಸ ಪಾರ್ಟಿಷನ್ ಅದೇ 2048ರಿಂದ ಶುರುವಾದರೆ ಹಳೆಯ ಫೈಲ್‌ಸಿಸ್ಟಮ್ ಎದ್ದು ಕೂರುತ್ತದೆ. ಎಸ್‌ಎಫ್‌ಡಿಸ್ಕ್‌ಗೇ --ವೈಪ್-ಪಾರ್ಟಿಷನ್ಸ್ ಆಲ್ವೇಸ್ ಅಂದರೆ ಹೊಸದರ ಶುರುವಿನಲ್ಲಿ ಕಂಡದ್ದನ್ನು ಒರೆಸಿಹಾಕುತ್ತದೆ. ನಾನು ಎರಡನ್ನೂ ಇಟ್ಟುಕೊಂಡೆ. ಎಲ್ಲ ಮುಗಿದ ಮೇಲೆ ಯುಡೆವ್‌ಎಡಿಎಂ ಸೆಟಲ್ ಅಂತ ಒಂದು ಸಾಲು. ಡಿವೈಸ್ ಹೆಸರುಗಳು ಪೂರ್ತಿ ಮೂಡುವ ತನಕ ಕಾಯುವುದಕ್ಕೆ. ಇದು ಇಲ್ಲದಿದ್ದರೆ ಒಂದು ಕಂಪ್ಯೂಟರ್‌ನಲ್ಲಿ ಓಡುತ್ತದೆ, ಇನ್ನೊಂದರಲ್ಲಿ ಪಿ5 ಇಲ್ಲವೇ ಇಲ್ಲ ಅನ್ನುತ್ತದೆ.

ಕೊನೆಯ ಹೆಜ್ಜೆ: ಅದೇ %ಪ್ರಿ ಸ್ಕ್ರಿಪ್ಟ್ ಟೆಂಪ್ ಫೋಲ್ಡರ್‌ನಲ್ಲಿ ಒಂದು ಚಿಕ್ಕ ಫೈಲ್ ಬರೆಯುತ್ತದೆ. ಅದರಲ್ಲಿ ಐದು ಪಾರ್ಟ್ ಸಾಲು, ಪ್ರತಿಯೊಂದಕ್ಕೂ --ಆನ್‌ಪಾರ್ಟ್ ಮತ್ತು ಸಿಕ್ಕ ಡಿಸ್ಕ್‌ನ ನಿಜವಾದ ಹೆಸರು. ಮುಖ್ಯ ಕಿಕ್‌ಸ್ಟಾರ್ಟ್‌ನಲ್ಲಿ %ಇನ್‌ಕ್ಲೂಡ್ ಹಾಕಿ ಆ ಫೈಲ್ ಎಳೆದುಕೊಳ್ಳುವುದು. ಹೆಸರು ಜೋಡಿಸುವಾಗ ಒಂದು ಚಿಕ್ಕ ವ್ಯತ್ಯಾಸ ಗಮನಿಸಿ. ಎಸ್‌ಡಿಎ ಥರದ ಹೆಸರಿಗೆ ನೇರವಾಗಿ 1 ಸೇರುತ್ತದೆ. ಎನ್‌ವಿಎಂಇ0ಎನ್1 ಥರ ಅಂಕಿಯಲ್ಲಿ ಮುಗಿಯುವ ಹೆಸರಿಗೆ ನಡುವೆ ಪಿ ಬೇಕು.

ಕಿಕ್‌ಸ್ಟಾರ್ಟ್‌ನಲ್ಲಿ ಹಳೆಯ ಪಾರ್ಟಿಷನ್ ಅಳಿಸುವ ಸಾಲು ಕ್ಲಿಯರ್‌ಪಾರ್ಟ್. ಅದಕ್ಕೆ --ನನ್ ಕೊಡಬೇಕು. ಬೇರೆ ಕಡೆಯಿಂದ ತಂದ ಕಿಕ್‌ಸ್ಟಾರ್ಟ್ ಮಾದರಿಗಳಲ್ಲಿ ಸಾಮಾನ್ಯವಾಗಿ --ಆಲ್ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ನಾವು ಕಷ್ಟಪಟ್ಟು ಕತ್ತರಿಸಿದ್ದನ್ನು ಅದು ಮೊದಲು ಅಳಿಸಿ, ಆಮೇಲೆ ಪಿ5 ಎಲ್ಲಿ ಅಂತ ನಮ್ಮನ್ನೇ ಕೇಳುತ್ತದೆ. ಇಗ್ನೋರ್‌ಡಿಸ್ಕ್‌ಗೆ --ಓನ್ಲಿ-ಯೂಸ್ ಕೊಟ್ಟು ನಮ್ಮ ಡಿಸ್ಕ್ ಹೆಸರು ಹಾಕುವುದೂ ಒಳ್ಳೆಯದು, ಉಳಿದ ಡಿಸ್ಕ್‌ಗಳ ತಂಟೆಗೇ ಹೋಗುವುದಿಲ್ಲ. ವಿಂಡೋಸ್ ಆಗಲೇ ಇರುವ ಕಂಪ್ಯೂಟರ್ ಆದರೆ %ಪ್ರಿಯಲ್ಲಿ ಡಿಸ್ಕ್ ಪೂರ್ತಿ ಒರೆಸುವ ಮಾತೇ ಇಲ್ಲ. ಇಎಸ್‌ಪಿಯ ಸಾಲಿಗೆ --ನೋಫಾರ್ಮ್ಯಾಟ್ ಸೇರಿಸಬೇಕು. ಅದರೊಳಗೆ ವಿಂಡೋಸ್‌ನ ಬೂಟ್ ಫೈಲ್ ಕೂಡ ಇರುತ್ತದೆ.

ಹಿಗ್ಗುತ್ತದೆಯೋ ಇಲ್ಲವೋ ನೋಡಿದ್ದು

ಇಷ್ಟೆಲ್ಲ ಮಾಡಿದ್ದು ಹಿಗ್ಗಿಸುವುದಕ್ಕಾಗಿ. ಅದನ್ನು ನೋಡದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ವರ್ಚುವಲ್ ಮಷಿನ್ ಒಳಗೆ, ರೂಟ್ ಮೌಂಟ್ ಆಗಿರುವಾಗಲೇ, ಗ್ರೋಪಾರ್ಟ್ ಓಡಿಸಿದೆ. ಇದಕ್ಕೆ ಡಿಸ್ಕ್ ಹೆಸರು ಬೇರೆ, ಪಾರ್ಟಿಷನ್ ನಂಬರ್ ಬೇರೆ ಕೊಡಬೇಕು, ನಡುವೆ ಒಂದು ಜಾಗ ಬಿಟ್ಟು. ಅದು ಶುರುವಿನ ಸೆಕ್ಟರ್ 104859648 ಮುಟ್ಟುವುದಿಲ್ಲ, ಕೊನೆಯದನ್ನು ಮಾತ್ರ ಮುಂದೆ ತಳ್ಳುತ್ತದೆ. ಆಮೇಲೆ ಎಕ್ಸ್‌ಎಫ್‌ಎಸ್ ಗ್ರೋಎಫ್‌ಎಸ್. ಇದಕ್ಕೆ ಡಿವೈಸ್ ಅಲ್ಲ, ಮೌಂಟ್ ಆದ ಜಾಗ ಕೊಡುವುದು, ಅಂದರೆ ಬರೀ ಒಂದು ಓರೆಗೆರೆ. ಎಕ್ಸ್‌ಟಿ4 ಆಗಿದ್ದರೆ ರಿಸೈಜ್2ಎಫ್‌ಎಸ್. 60 ಜಿಬಿ ಇದ್ದ ರೂಟ್ 188 ಆಯಿತು. ರೀಬೂಟ್ ಬೇಕಾಗಲಿಲ್ಲ.

ಈ ಡಿಸ್ಕ್‌ನ ಇಮೇಜನ್ನು, ಅಂದರೆ ಇದ್ದಂತೇ ತೆಗೆದ ಪ್ರತಿಯನ್ನು, ದೊಡ್ಡ ಡಿಸ್ಕ್‌ಗೆ ನಕಲು ಮಾಡಿದಾಗ ಇನ್ನೊಂದು ಸಂಗತಿ ಎದುರಾಗುತ್ತದೆ. ಜಿಪಿಟಿಯ ಎರಡನೇ ಪ್ರತಿ ಹಳೆಯ ಡಿಸ್ಕ್‌ನ ಕೊನೆ ಎಲ್ಲಿತ್ತೋ ಅಲ್ಲೇ, ಅಂದರೆ ಈಗ ನಟ್ಟನಡುವೆ ಉಳಿದಿರುತ್ತದೆ. ಎಸ್‌ಜಿಡಿಸ್ಕ್‌ಗೆ -ಇ ಕೊಟ್ಟರೆ ಅದು ನಿಜವಾದ ಕೊನೆಗೆ ಹೋಗಿ ಕೂರುತ್ತದೆ. ಆಮೇಲೆ ಹಿಗ್ಗಿಸುವುದು.

ನೈಜ ಕಂಪ್ಯೂಟರ್‌ಗಳಲ್ಲಿ ರೂಟ್ 60ರಲ್ಲೇ ಬಿಟ್ಟಿದ್ದೇನೆ. ಬೇಕಾದಾಗ ಬೇಕಾದಷ್ಟು ಹಿಗ್ಗಿಸಿಕೊಂಡರಾಯಿತು.

ನಂಬರ್ ಬೇರೆ, ಜಾಗ ಬೇರೆ

ಈ ಕೆಲಸದ ನಡುವೆ ಹಳೆಯ ಒಂದು ಕಂಪ್ಯೂಟರ್ ಕೈಗೆ ಬಂತು. ಅದರಲ್ಲಿ ಎಫ್‌ಡಿಸ್ಕ್ ಪಟ್ಟಿಯ ಕೆಳಗೆ ಒಂದು ಸಾಲು: ಟೇಬಲ್‌ನ ನಮೂದುಗಳು ಡಿಸ್ಕ್‌ನ ಕ್ರಮದಲ್ಲಿ ಇಲ್ಲ ಅಂತ. ಯಾರೋ ನಡುವಿನ ಒಂದನ್ನು ಅಳಿಸಿ ಎರಡು ಮಾಡಿದ್ದರು. ಹಾಗಾಗಿ 4ನೆಯದು ಜಾಗದಲ್ಲಿ 3ನೆಯದಕ್ಕಿಂತ ಮುಂದಿತ್ತು.

ಇದು ಕೆಟ್ಟಿದೆ ಅಂತ ಗಾಬರಿಯಾಗಬೇಕಿಲ್ಲ. ನಂಬರ್ ಅಂದರೆ ಟೇಬಲ್‌ನ ಎಷ್ಟನೇ ಸಾಲು ಅನ್ನುವುದು. ಜಾಗ ಅಂದರೆ ಯಾವ ಸೆಕ್ಟರ್ ಅನ್ನುವುದು. ಎರಡೂ ಹೊಂದಬೇಕು ಅನ್ನುವ ನಿಯಮವಿಲ್ಲ. ಬೇಕಂತಲೇ ಹಾಗೆ ಮಾಡಿದ್ದೂ ಉಂಟು. ಡೆಬಿಯನ್ ಮತ್ತು ಉಬುಂಟು ಕೊಡುವ ಕ್ಲೌಡ್ ಇಮೇಜ್ ತೆಗೆದು ನೋಡಿ. ಬಯೋಸ್ ಬೂಟ್‌ಗೆ ನಂಬರ್ 14, ಇಎಸ್‌ಪಿಗೆ 15, ರೂಟ್‌ಗೆ 1. ಆದರೆ ಡಿಸ್ಕ್ ಮೇಲೆ 14 ಮತ್ತು 15 ಮುಂದೆ, 1 ಕೊನೆಗೆ. ರೂಟ್ ಯಾವಾಗಲೂ ಒಂದನೇ ನಂಬರ್ ಅಂತ ಸ್ಕ್ರಿಪ್ಟ್‌ಗಳು ನೆಚ್ಚಬಹುದು, ಕೊನೆಯಲ್ಲಿ ಇರುವುದರಿಂದ ಕ್ಲೌಡ್‌ನಲ್ಲಿ ಡಿಸ್ಕ್ ದೊಡ್ಡದಾದ ಕೂಡಲೇ ಹಿಗ್ಗಲೂಬಹುದು. ನೋಡಲು ವಿಚಿತ್ರ, ಆದರೆ ಜಾಣ ಕೆಲಸ.

ನಂಬರ್ ಮಾತ್ರ ಸರಿ ಮಾಡಬೇಕು ಅಂದರೆ ಎಸ್‌ಎಫ್‌ಡಿಸ್ಕ್‌ಗೆ -ಆರ್. ಎಫ್‌ಡಿಸ್ಕ್‌ನಲ್ಲಿ ಎಕ್ಸ್ ಒತ್ತಿ ಆಮೇಲೆ ಎಫ್. ಎಸ್‌ಜಿಡಿಸ್ಕ್‌ನಲ್ಲಿ -ಎಸ್. ಕ್ಷಣದ ಕೆಲಸ, ಒಂದು ಬೈಟ್ ಡೇಟಾ ಕೂಡ ಕದಲುವುದಿಲ್ಲ. ಮುಂಚೆ ಎಸ್‌ಎಫ್‌ಡಿಸ್ಕ್‌ಗೆ -ಡಿ ಕೊಟ್ಟು ಟೇಬಲ್‌ನ ಪ್ರತಿ ತೆಗೆದು ಬೇರೆ ಕಡೆ ಇಟ್ಟುಕೊಳ್ಳಿ.

ಆದರೆ ನಂಬರ್ ನೆಚ್ಚಿಕೊಂಡವರು ಯಾರ್ಯಾರು ಅಂತ ಮೊದಲು ಹುಡುಕಬೇಕು. ಎಫ್‌ಎಸ್‌ಟ್ಯಾಬ್‌ನಲ್ಲಿ (ಏನನ್ನು ಎಲ್ಲಿ ಮೌಂಟ್ ಮಾಡಬೇಕು ಅನ್ನುವ ಪಟ್ಟಿ) ಯುಯುಐಡಿ ಅನ್ನುವ ಗುರುತು ಇದ್ದರೆ ತೊಂದರೆ ಇಲ್ಲ, ಅದು ಫೈಲ್‌ಸಿಸ್ಟಮ್‌ನ ಒಳಗಿನದು. ಪಾರ್ಟಿಷನ್‌ನ ಗುರುತಾದ ಪಾರ್ಟ್‌ಯುಯುಐಡಿ ವಿಷಯದಲ್ಲಿ ಹುಷಾರು. ಜಿಪಿಟಿಯಲ್ಲಿ ಅದು ಪ್ರತಿ ನಮೂದಿನ ಜೊತೆಗೇ ಬರೆದಿರುತ್ತದೆ, ಸಾಲು ಬದಲಾದರೆ ಅದೂ ಜೊತೆಗೇ ಹೋಗುತ್ತದೆ. ಎಂಬಿಆರ್‌ನಲ್ಲಿ ಹಾಗಿಲ್ಲ. ಅಲ್ಲಿ ಅದು ಡಿಸ್ಕ್‌ನ ಗುರುತು, ಒಂದು ಅಡ್ಡಗೆರೆ, ಪಾರ್ಟಿಷನ್ ನಂಬರ್, ಇಷ್ಟನ್ನು ಅಂಟಿಸಿ ಮಾಡಿದ್ದು. ನಂಬರ್ ಬದಲಾದರೆ ಪಾರ್ಟ್‌ಯುಯುಐಡಿಯೇ ಬದಲು. ರಾಸ್ಪ್‌ಬೆರಿ ಪೈಯ ಕಾರ್ಡ್‌ನಲ್ಲಿ ಸಿಎಂಡಿಲೈನ್ ಫೈಲ್ ತೆರೆದರೆ ರೂಟ್‌ನ ಪಾರ್ಟ್‌ಯುಯುಐಡಿ 02 ಅಂತ ಮುಗಿಯುವುದು ಕಾಣುತ್ತದೆ. ಆ 02 ಅದೇ ಎರಡನೇ ನಂಬರ್.

ಬಯೋಸ್ ಮೂಲಕ ಬೂಟ್ ಆಗುವ ಕಂಪ್ಯೂಟರ್‌ನಲ್ಲಿ ಗ್ರಬ್ ಅನ್ನುವ ಬೂಟ್‌ಲೋಡರ್ ಕೂಡ ಪಾರ್ಟಿಷನ್ ನಂಬರ್ ನೆನಪಿಟ್ಟುಕೊಂಡಿರುತ್ತದೆ. ನಂಬರ್ ಬದಲಾದರೆ ಗ್ರಬ್ ರೆಸ್ಕ್ಯೂ ಅನ್ನುವ ಕಪ್ಪು ಪರದೆ. ಕ್ರಮ ಬದಲಿಸಿದ ಮೇಲೆ, ರೀಬೂಟ್ ಮಾಡುವ ಮೊದಲೇ ಗ್ರಬ್ ಮತ್ತೊಮ್ಮೆ ಹಾಕಿಬಿಡಿ. ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಇದ್ದರೆ ಇಎಫ್‌ಐಬೂಟ್‌ಎಂಜಿಆರ್‌ಗೆ -ವಿ ಕೊಟ್ಟು ನೋಡಿ. ಬೂಟ್ ನಮೂದಿನಲ್ಲಿ ಇಎಸ್‌ಪಿಯ ಗುರುತಿನ ಜೊತೆ ಅದರ ನಂಬರೂ ಇರುತ್ತದೆ. ಇಎಸ್‌ಪಿಯ ನಂಬರ್ ಬದಲಾಗಿದ್ದರೆ ಆ ನಮೂದನ್ನು ಹೊಸದಾಗಿ ಬರೆಯುವುದೇ ಕ್ಷೇಮ.

ಆ ಹಳೆಯ ಕಂಪ್ಯೂಟರನ್ನು ನಾನು ಹಾಗೇ ಬಿಟ್ಟೆ. ಬೂಟ್ ಆಗುತ್ತಿದೆ, ಓಡುತ್ತಿದೆ. ಪಟ್ಟಿ ಅಂದವಾಗಿ ಕಾಣಲಿ ಅಂತ ಟೇಬಲ್‌ಗೆ ಕೈ ಹಾಕುವ ಅಗತ್ಯ ಕಾಣಲಿಲ್ಲ.

ಬೇರೆ ಇನ್‌ಸ್ಟಾಲರ್‌ಗಳು

ಡೆಬಿಯನ್‌ನಲ್ಲಿ ಕಿಕ್‌ಸ್ಟಾರ್ಟ್ ಥರದ ಫೈಲ್‌ಗೆ ಪ್ರಿಸೀಡ್ ಅನ್ನುತ್ತಾರೆ. ಅದರಲ್ಲಿ ರೆಸಿಪಿ ಅಂತ ಬರೆಯುತ್ತಾರೆ. ಪ್ರತಿ ಪಾರ್ಟಿಷನ್‌ಗೆ ಮೂರು ಸಂಖ್ಯೆ: ಕನಿಷ್ಠ, ಪ್ರಯಾರಿಟಿ, ಗರಿಷ್ಠ. ಪ್ರಯಾರಿಟಿ ಅಂದ ಕೂಡಲೇ ಯಾವುದು ಮೊದಲು ಬರಬೇಕು ಅನ್ನುವುದಕ್ಕೆ ಅಂತ ಅನ್ನಿಸುತ್ತದೆ. ಅಲ್ಲ. ಉಳಿದ ಜಾಗ ಹಂಚುವಾಗ ಯಾರಿಗೆ ಎಷ್ಟು ಪಾಲು ಅನ್ನುವುದಕ್ಕೆ ಅದು. ಕ್ರಮ ಬರುವುದು ಬರೆದ ಸಾಲುಗಳಿಂದ. ಆದರೆ ಎಂಬಿಆರ್ ಡಿಸ್ಕ್‌ನಲ್ಲಿ ಪ್ರೈಮರಿ ಅಂತ ಗುರುತಿಸಿದವು ಮೊದಲು ಕೂರುತ್ತವೆ. ಕೊನೆಯಲ್ಲಿ ಖಾಲಿ ಬಿಡಬೇಕಾದರೆ ಯಾವುದಕ್ಕೂ ಗರಿಷ್ಠ -1 ಕೊಡಬೇಡಿ, ಅದಕ್ಕೆ ಮಿತಿ ಇಲ್ಲ ಅಂತ ಅರ್ಥ. ಕೈಯಾರೆ ಹಾಕುವಾಗಲಂತೂ ಡೆಬಿಯನ್ ನೇರವಾಗಿ ಕೇಳುತ್ತದೆ, ಖಾಲಿ ಜಾಗದ ಶುರುವಿನಲ್ಲಿ ಇಡಲೋ ಕೊನೆಯಲ್ಲಿ ಇಡಲೋ ಅಂತ. ಬಹಳ ಜನ ಆ ಪ್ರಶ್ನೆ ಓದದೆ ಎಂಟರ್ ಒತ್ತುತ್ತಾರೆ.

ಉಬುಂಟು ಸರ್ವರ್‌ನ ಆಟೋಇನ್‌ಸ್ಟಾಲ್ ಈ ವಿಷಯದಲ್ಲಿ ಮಾತು ಕೇಳುತ್ತದೆ. ಪಟ್ಟಿಯಲ್ಲಿ ಬರೆದ ಕ್ರಮದಲ್ಲೇ ಕತ್ತರಿಸುತ್ತದೆ. ನಂಬರ್ ಬೇಕಾದರೆ ಅದನ್ನೂ ಬೇರೆಯಾಗಿ ಕೊಡಬಹುದು. ಕೊನೆಯದಕ್ಕೆ ಗಾತ್ರ -1 ಅಂದರೆ ಉಳಿದದ್ದೆಲ್ಲ ಅದಕ್ಕೇ.

ಎಲ್‌ವಿಎಂ ಬಳಸುವವರಿಗೆ ಇಷ್ಟೊಂದು ರಗಳೆಯೇ ಇಲ್ಲ ಅನ್ನುವುದೂ ನಿಜ. ಅಲ್ಲಿ ಜಾಗ ಎಲ್ಲಿಂದ ಬಂದರೂ ವಾಲ್ಯೂಮ್ ಹಿಗ್ಗುತ್ತದೆ, ಅಕ್ಕಪಕ್ಕ ಇರಬೇಕು ಅಂತಿಲ್ಲ. ಸ್ವಾಪನ್ನು ಪಾರ್ಟಿಷನ್ ಬದಲು ಫೈಲ್ ಆಗಿ ಇಟ್ಟರೆ ದಾರಿಗೆ ಅಡ್ಡ ಬರುವುದು ಒಂದು ಕಡಿಮೆ. ನಾನು ಸಾದಾ ಪಾರ್ಟಿಷನ್‌ಗೆ ಅಂಟಿಕೊಂಡದ್ದು ಇಮೇಜ್ ತೆಗೆದು ನಕಲು ಮಾಡುವ ಅನುಕೂಲಕ್ಕೆ. ಬಳಸಿದ್ದೆಲ್ಲ ಡಿಸ್ಕ್‌ನ ಮುಂಭಾಗದಲ್ಲೇ ಇರುವುದರಿಂದ 230688767ನೇ ಸೆಕ್ಟರ್ ತನಕ ನಕಲು ಮಾಡಿ, ಎಸ್‌ಜಿಡಿಸ್ಕ್ -ಇ ಓಡಿಸಿದರೆ ಕೆಲಸ ಆಯಿತು. ಇಡೀ ಡಿಸ್ಕ್ ಓದಬೇಕಿಲ್ಲ.

ಮುಂದಿನ ಸುತ್ತಿಗೆ ಪಾರ್ಟಿಷನ್ ಮಾಡುವ ಇನ್ನೊಂದು ಸಲಕರಣೆ, ಸಿಸ್ಟಮ್‌ಡಿ-ರಿಪಾರ್ಟ್, ನೋಡಬೇಕು ಅಂತಿದೆ. 2020ರಲ್ಲಿ ಸಿಸ್ಟಮ್‌ಡಿ 245ರ ಜೊತೆ ಬಂದದ್ದು. ಪಾರ್ಟಿಷನ್‌ಗೆ ಒಂದೊಂದು ಚಿಕ್ಕ ಫೈಲ್, ಹೆಸರಿನ ಮುಂದೆ 10, 20, 30 ಅಂತ ಅಂಕಿ. ಹೊಸ ಪಾರ್ಟಿಷನ್‌ಗಳನ್ನು ಫೈಲ್ ಹೆಸರಿನ ಕ್ರಮದಲ್ಲೇ ಮಾಡುತ್ತದೆ. ಇರುವುದನ್ನು ಸುಮ್ಮಸುಮ್ಮನೆ ಅಳಿಸುವುದಿಲ್ಲ, ಇಲ್ಲದ್ದನ್ನು ಸೇರಿಸುತ್ತದೆ, ಹೇಳಿದ್ದನ್ನು ಹಿಗ್ಗಿಸುತ್ತದೆ. ಮೊದಲು ಬರೀ ತೋರಿಸಿ, ನಾವು --ಡ್ರೈ-ರನ್ ನೋ ಅಂದ ಮೇಲೆಯೇ ಡಿಸ್ಕ್ ಮೇಲೆ ಬರೆಯುವುದು ಅದರ ಅಭ್ಯಾಸ. ನನ್ನ %ಪ್ರಿ ಸ್ಕ್ರಿಪ್ಟ್‌ಗೂ ಅಂಥದ್ದೊಂದು ಸ್ವಿಚ್ ಸೇರಿಸುತ್ತಿದ್ದೇನೆ.